ಕೂಡಿ ಆಡುವ ಆಟಗಳು

ಹನೂರು ತಾಲ್ಲೂಕಿನ ಒಡೆಯರಪಾಳ್ಯವು ಕಾಡಿನಂಚಿನ ಊರು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು. ಇನ್ನೊಂದು ಕಡೆ ಮಲೆ ಮಹದೇಶ್ವರನ ಕಾಡು. 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರ ಧೋಂಡೆನ್‌ಲಿಂಗ್ ವಸತಿಯೂ ಇಲ್ಲಿ ನೆಲೆಗೊಂಡಿತು. ಕನ್ನಡ, ಸೋಲಿಗರ ನುಡಿ, ತಮಿಳು, ಟಿಬೆಟನ್ ಎಲ್ಲವೂ ಕಿವಿಗೆ ಬೀಳುವ ಇಂಥ ಸೀಮೆಯಲ್ಲಿ, ಹದಿಮೂರು ಹದಿನಾಲ್ಕರ ಪ್ರಾಯದ ಹುಡುಗ ಹುಡುಗಿಯರು ಯಾವುದೋ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಒಂದೆಡೆ ಸೇರಿದರೆಂದು ಭಾವಿಸಬಹುದು. ಆ ಕೂಟದ ಮೊದಲ ಅರ್ಧ ಗಂಟೆ ಬಲು ಕಷ್ಟದ್ದು. ಮಕ್ಕಳಂತೆ ಕುಣಿಯಲು ನಾಚಿಕೆ. ದೊಡ್ಡವರಂತೆ ಹರಟಲು ಮಾತು ಬಾರದು. ಈ ಬಿಗುವನ್ನು ಸಡಿಲಿಸುವುದಕ್ಕೆ ಆಟಕ್ಕಿಂತ ಸುಲಭವಾದ ಉಪಾಯವಿಲ್ಲ. ಆದರೆ ಎಂಥ ಆಟ?

ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವುದು ಸಂಗೀತ ಕುರ್ಚಿ. ಇಪ್ಪತ್ತು ಮಂದಿ ಆಟಗಾರರಿಗೆ ಹತ್ತೊಂಬತ್ತು ಕುರ್ಚಿಗಳು. ಹಾಡು ನಿಂತಾಗ ಕುರ್ಚಿ ಸಿಗದವರು ಹೊರಗೆ. ಗೆದ್ದವರು ಯಾರೆಂದು ತಿಳಿಯಲು ಹತ್ತೊಂಬತ್ತು ಸುತ್ತುಗಳು ಬೇಕು. ಮೊದಲ ಸುತ್ತಿನಲ್ಲಿಯೇ ಸೋತ ಮಗು ಉಳಿದ ಹದಿನೆಂಟು ಸುತ್ತುಗಳನ್ನೂ ಗೋಡೆಗೆ ಒರಗಿ ನೋಡುತ್ತಿರಬೇಕು. ಹಾಗೆ ಸೋಲುವವರು ಯಾರು? ನುಗ್ಗಲು ಅಂಜುವವರು, ಊರಿಗೆ ಹೊಸಬರು, ಮಾತು ಕಡಿಮೆಯವರು. ಯಾರನ್ನು ಸೇರಿಸಿಕೊಳ್ಳಲೆಂದು ಆಟವನ್ನು ಹೂಡಲಾಯಿತೋ ಅವರನ್ನೇ ಆಟವು ಮೊದಲು ಹೊರಗೆ ಕಳುಹಿಸುತ್ತದೆ! ಇದಕ್ಕೆ ಪರಿಹಾರವಿಲ್ಲದಿಲ್ಲ. ಕುರ್ಚಿಗಳಿಗೆ ಬದಲಾಗಿ ಗೋಣಿಚೀಲಗಳನ್ನು ಹಾಸಿ, ಪ್ರತಿ ಸುತ್ತಿಗೂ ಒಂದು ಚೀಲವನ್ನು ತೆಗೆಯುತ್ತ ಹೋಗಬೇಕು. ಮಕ್ಕಳನ್ನು ಮಾತ್ರ ತೆಗೆಯಬಾರದು. ಕೊನೆಗೆ ನಾಲ್ಕಾರು ಚೀಲಗಳ ಮೇಲೆ ಇಪ್ಪತ್ತು ಮಂದಿಯೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಲ್ಲಬೇಕಾದಾಗ ಏಳುವ ನಗೆಯೇ ಬೇರೆ.

ನಮ್ಮ ನಾಡಿನ ಆಟಗಳು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿವೆ. ಕಬಡ್ಡಿಗೆ ಮೂರು ಬಗೆಗಳುಂಟು. ಗಾಮಿನಿಯಲ್ಲಿ ಔಟಾದವನು ತನ್ನ ತಂಡದ ಎಲ್ಲರೂ ಔಟಾಗುವವರೆಗೆ ಹೊರಗೇ ಇರಬೇಕು. ಅಮರದಲ್ಲಿ ಔಟಾದರೂ ಅಂಕಣವನ್ನು ಬಿಡಬೇಕಾಗಿಲ್ಲ; ಎದುರಾಳಿಗೆ ಅಂಕ ದೊರೆಯುತ್ತದೆ, ಅಷ್ಟೆ. ಸಂಜೀವಿನಿಯಲ್ಲಿ ಎದುರು ತಂಡದ ಒಬ್ಬನು ಔಟಾದರೆ ತನ್ನವನೊಬ್ಬನಿಗೆ ಮರುಜೀವ ಬರುತ್ತದೆ. 1990ರಲ್ಲಿ ಬೀಜಿಂಗ್‌ನ ಏಷ್ಯನ್ ಕ್ರೀಡಾಕೂಟವನ್ನು ಸೇರಿದ ಕಬಡ್ಡಿಯಲ್ಲಿಯೂ ಮರುಜೀವದ ನಿಯಮವುಂಟು. ಹೊರಗೆ ಕುಳಿತವನು ಆಟವನ್ನು ನೋಡುವ ಬಗೆಯೇ ಇದರಿಂದ ಬದಲಾಗುತ್ತದೆ. ಗೆಳೆಯನ ಪ್ರತಿ ಹೆಜ್ಜೆಯೂ ಅವನ ಹೆಜ್ಜೆಯಾಗುತ್ತದೆ. ಲಗೋರಿಯಲ್ಲಾದರೋ ವೇಗವಾಗಿ ಓಡಲಾರದವನೂ ಏಳು ಬಿಲ್ಲೆಗಳನ್ನು ಸರಸರನೆ ಜೋಡಿಸುವುದರಲ್ಲಿ ಗಟ್ಟಿಗನಾಗಿರಬಹುದು.

ಮಳೆ ಬಂದು ಒಳಗೆ ಕುಳಿತರೆ ಹುಲಿ-ಕುರಿ ಆಟ. ಜಗಲಿಯ ಮೇಲೆ ಇದ್ದಲಿನಿಂದ ತ್ರಿಕೋನಾಕಾರದ ಮನೆಯನ್ನು ಬರೆದರೆ ಇಪ್ಪತ್ತಮೂರು ಸಂಧಿಗಳು ದೊರೆಯುತ್ತವೆ. ಮೂರು ಕಲ್ಲುಗಳು ಹುಲಿಗಳು. ಹದಿನೈದು ಹುಣಸೆಬೀಜಗಳು ಕುರಿಗಳು. ಕುರಿಗಳನ್ನು ಒಂದೊಂದಾಗಿ ಹೂಡಬೇಕು. ಹದಿನೈದೂ ಇಳಿಯುವವರೆಗೆ ಅವು ಕದಲುವಂತಿಲ್ಲ. ಹುಲಿಗಾದರೋ ಆರಂಭದಿಂದಲೇ ನಡೆಯುವ ಸ್ವಾತಂತ್ರ್ಯ. ಪಕ್ಕದ ಕುರಿಯ ಹಿಂದಿನ ಸಂಧಿ ಬರಿದಾಗಿದ್ದರೆ ಹುಲಿ ಅದನ್ನು ಹಾರಿ ಕೊಲ್ಲುತ್ತದೆ. ಕುರಿಗೆ ಕೊಲ್ಲುವ ಬಲವಿಲ್ಲ. ಒಂದರ ಬೆನ್ನಿಗೆ ಇನ್ನೊಂದು ನಿಂತು, ಮೂರು ಹುಲಿಗಳೂ ಕದಲದಂತೆ ದಾರಿ ಕಟ್ಟಿದರೆ ಗೆಲುವು ಅವುಗಳದು. ಹೆಸರಿಗೆ ಇದು ಇಬ್ಬರ ಆಟ. ಆದರೆ ಜಗಲಿಯಲ್ಲಿ ಇಬ್ಬರೇ ಆಡಿದ್ದುಂಟೇ? ಸುತ್ತ ಕುಳಿತವರೆಲ್ಲ ಮಂತ್ರಿಗಳೇ! “ಅಲ್ಲಿಡಬೇಡ, ಹಾರಿಬಿಡುತ್ತೆ” ಎಂಬ ಕೂಗು ಅತ್ಯಂತ ಸಂಕೋಚದ ಹುಡುಗಿಯ ಬಾಯಿಂದಲೂ ಹೊರಟುಬಿಡುತ್ತದೆ. ಒಡೆಯರಪಾಳ್ಯದ ಸುತ್ತಿನವರಿಗೆ ಹುಲಿಯೆಂದರೆ ಬರಿಯ ಕಲ್ಲಿನ ಹರಳಲ್ಲ. ಅದು ಮಾದಪ್ಪನ ವಾಹನ. ಬಿಳಿಗಿರಿರಂಗನ ಕಾಡು 2011ರಲ್ಲಿ ಹುಲಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಆಡು ಮೇಯಿಸುವ ಮನೆಯ ಮಕ್ಕಳು ಕುರಿಗಳ ಪಕ್ಷವನ್ನೇ ಹಿಡಿದರೆ ಆಶ್ಚರ್ಯವೇನು!

ಕವಡೆಗಳಿದ್ದರೆ ಚೌಕಾಬಾರ ಆಡಬಹುದು. ನಾಲ್ಕು ಬಿದ್ದರೆ ಚೌಕಾ, ಎಂಟು ಬಿದ್ದರೆ ಬಾರಾ. ಎರಡಕ್ಕೂ ಇನ್ನೊಮ್ಮೆ ಎಸೆಯುವ ಹಕ್ಕು. ಇಲ್ಲಿ ಕಡಿಸಿಕೊಂಡ ಕಾಯಿ ಸಾಯುವುದಿಲ್ಲ. ಮನೆಗೆ ಮರಳಿ ಮತ್ತೆ ಹೊರಡುತ್ತದೆ. ಇಂಥ ಮನೆಯಾಟಗಳಲ್ಲಿ ಅರಸರಿಗೂ ಆಸಕ್ತಿಯಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವು ಆಟಗಳನ್ನೂ ಒಳಗೊಂಡಿದೆ.

ಟಿಬೆಟಿನವರಲ್ಲಿ ‘ಶೋ’ ಎಂಬ ಆಟವುಂಟು. ಅದು ದೊಡ್ಡವರ ಆಟ. ಆದರೂ ಮಕ್ಕಳು ನೋಡಿ ಬಲ್ಲರು. ಎರಡು ದಾಳಗಳನ್ನು ಮರದ ಬಟ್ಟಲಿನಲ್ಲಿ ಕುಲುಕಿ, ಕೂಗುತ್ತ, ಚರ್ಮದ ದಿಂಬಿನ ಮೇಲೆ ಬಟ್ಟಲನ್ನು ಧಡಕ್ಕನೆ ಬೋರಲು ಹಾಕುತ್ತಾರೆ. ಅಲ್ಲಿಯೂ ಕವಡೆಗಳಿವೆ, ಎಸೆಯುವುದಕ್ಕಲ್ಲ. ಸಾಲಾಗಿ ಜೋಡಿಸಿ ಕಾಯಿಗಳ ನಡೆಯನ್ನು ಎಣಿಸುವುದಕ್ಕೆ. ಒಂದೇ ಜಗಲಿಯ ಮೇಲೆ ಕನ್ನಡದ ಮನೆಯ ಹುಡುಗನು ಕವಡೆಯನ್ನು ಕುಲುಕಲು ಎತ್ತಿಕೊಂಡರೆ, ಟಿಬೆಟಿನ ಮನೆಯ ಹುಡುಗನು ಅದನ್ನು ಸಾಲಿನಲ್ಲಿಡಲು ಕೈ ಚಾಚಬಹುದು. ಯಾರ ನಿಯಮದಂತೆ ಆಡುವುದೆಂಬ ವಾದ ಮುಗಿಯುವಷ್ಟರಲ್ಲಿ ಆ ಕಷ್ಟದ ಅರ್ಧ ಗಂಟೆ ಎಂದೋ ಕಳೆದುಹೋಗಿರುತ್ತದೆ.