ಐಪಿ ಹಾಕುವ ಮುನ್ನ: ವಕೀಲರ ಫೀ, ಕೋರ್ಟಿನ ಖರ್ಚು

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಪಾಲುದಾರನೊಬ್ಬ ದಿವಾಳಿಯಾದರೆ ಏನಾಗುತ್ತದೆ ಎಂದು ನಾವೆಲ್ಲ ಓದುತ್ತೇವೆ. ಆ ಪದ ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೇ ಬಂತು. ನಮ್ಮದು ಮಾನ್ವಿ, ಅಮ್ಮಿಯ ತವರು ದೇವದುರ್ಗ. ಅಲ್ಲಿ ನಮ್ಮ ಮಾಮು ಸಣ್ಣ ಕಿರಾಣಿ ಅಂಗಡಿ ನಡೆಸುತ್ತಾರೆ. ಹತ್ತಿ, ತೊಗರಿ ಮಾರಿದ ಮೇಲೆ ಕೊಡುತ್ತೇವೆಂದು ಉದ್ರಿ ಒಯ್ದವರ ಹಣ ಬರಲಿಲ್ಲ. ಬ್ಯಾಂಕು, ಫೈನಾನ್ಸ್, ಕೈಗಡ ಎಲ್ಲ ಸೇರಿ ಸಾಲ ಆರು ಲಕ್ಷ ದಾಟಿತು. ಸಾಲ ಕೊಟ್ಟವರು ಹನ್ನೊಂದು ಜನ.

ಆಗ ಪರಿಚಯದವರೊಬ್ಬರು ಬಂದು, "ಐಪಿ ಹಾಕಿಬಿಡ್ರಿ. ನಲವತ್ತು ಸಾವಿರ ಕೊಟ್ರ ಎಲ್ಲಾ ಸಾಲ ಮಾಫ್ ಆಗ್ತದ. ಅದಕ್ಕಿಂತ ಮೊದಲು ಮನಿ ಹೆಂಡ್ತಿ ಹೆಸರಿಗೆ ಮಾಡ್ರಿ" ಎಂದರು. ಆ ಹಣಕ್ಕಾಗಿ ಮುಮಾನಿಯ ಬಂಗಾರ ಅಡವಿಡಲು ಮನೆಯಲ್ಲಿ ಮಾತು ನಡೆಯಿತು. ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರಿಗೆ ನಾನು ಈ ವಿಷಯ ಹೇಳಿದೆ. "ಬಂಗಾರ ಅಡವಿಡುವ ಮೊದಲು ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ" ಎಂದರು. ಅಲ್ಲಿ ಕೇಳಿದ್ದನ್ನೂ ಆಮೇಲೆ ಓದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾವು ಐಪಿ ಎನ್ನುವುದು ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ ದಿವಾಳಿ ಅರ್ಜಿ. ಹಿರಿಯರು ಇದನ್ನೇ ಪಾಪರ್ ಚೀಟಿ ಎನ್ನುತ್ತಾರೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದ್ದರೂ, ಸಾಮಾನ್ಯ ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗ ಜಾರಿಗೆ ಬಂದಿಲ್ಲ. 2019ರ ಡಿಸೆಂಬರ್ 1ರಿಂದ ಅದು ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗೆ ಮಾತ್ರ ಅನ್ವಯಿಸುತ್ತಿದೆ. ಹಾಗಾಗಿ ನಮ್ಮ ಊರಿನ ಅಂಗಡಿಕಾರರಿಗೆ, ರೈತರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದರ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟಿರುವ ಕೆಳಗಿನ ನ್ಯಾಯಾಲಯಕ್ಕೆ.

ಸಾಲ 500 ರೂಪಾಯಿ ಮುಟ್ಟಿದ್ದು, ತೀರಿಸುವ ಶಕ್ತಿ ಇಲ್ಲದಿದ್ದರೆ ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕಿದ ಕೂಡಲೇ ಸಾಲ ಮಾಫ್ ಆಗುವುದಿಲ್ಲ. ಎಲ್ಲ ಸಾಲಗಾರರ ಹೆಸರು, ವಿಳಾಸ, ಮೊತ್ತವನ್ನೂ ನಮ್ಮ ಎಲ್ಲ ಆಸ್ತಿಯನ್ನೂ ಅರ್ಜಿಯಲ್ಲಿ ಬರೆಯಬೇಕು. ಕೋರ್ಟು ದಿವಾಳಿ ಎಂದು ಘೋಷಿಸಿದರೆ ಆಸ್ತಿ ಕೋರ್ಟಿನ ಅಥವಾ ರಿಸೀವರ್ ವಶಕ್ಕೆ ಹೋಗುತ್ತದೆ. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಬಟ್ಟೆಬರೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಉಪಕರಣ, ರೈತನ ಎತ್ತು, ಬೀಜ, ವಾಸದ ಮನೆ ಇಂಥವನ್ನು ಮುಟ್ಟುವಂತಿಲ್ಲ. ಮನೆಯ ರಕ್ಷಣೆ ಇರುವುದು ರೈತರಿಗೆ, ಕೂಲಿಕಾರರಿಗೆ, ಮನೆಕೆಲಸದವರಿಗೆ. ಮಾಮು ಅಂಗಡಿಕಾರರು. ಐಪಿ ಹಾಕಿದರೆ ಅವರ ಮನೆಯೂ ಹೋಗಬಹುದಿತ್ತು.

ಮನೆಯನ್ನು ಹೆಂಡತಿ ಹೆಸರಿಗೆ ಮಾಡಿದರೆ ಉಳಿಯುತ್ತದೆಯೇ? ಇಲ್ಲ. ಹಾಗೆ ಪುಕ್ಕಟೆ ವರ್ಗಾಯಿಸಿದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದರೆ ಆ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಮೋಸದಿಂದ ಆಸ್ತಿ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲೂ ಆಗಬಹುದು.

ನಮ್ಮ ಅಬ್ಬಾ ಬೆಚ್ಚಿದ್ದು ಇನ್ನೊಂದು ಮಾತಿಗೆ. ಮಾಮುವಿನ ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿ ಹಾಕಿದ್ದವರು ಅವರೇ. ಕೋರ್ಟು ಸಾಲಗಾರನಿಗೆ ಬಿಡುಗಡೆ ಕೊಟ್ಟರೂ ಜಾಮೀನುದಾರನಿಗೆ ಬಿಡುಗಡೆ ಸಿಗುವುದಿಲ್ಲ. ಮಾಮು ಐಪಿ ಹಾಕಿದರೆ ಬ್ಯಾಂಕು ಮಾನ್ವಿಯ ನಮ್ಮ ಮನೆ ಬಾಗಿಲಿಗೆ ಬರುತ್ತಿತ್ತು. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವೂ ಬಿಡುಗಡೆಯಲ್ಲಿ ಹೋಗುವುದಿಲ್ಲ. ಅಡವಿಟ್ಟ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕು ಹಾಗೆಯೇ ಉಳಿಯುತ್ತದೆ.

ಈಗ ಖರ್ಚಿನ ಮಾತು. ವಕೀಲರ ಫೀ ಬೇರೆ, ಕೋರ್ಟಿನ ಖರ್ಚು ಬೇರೆ. ಅರ್ಜಿಯ ಶುಲ್ಕ, ವಕಾಲತ್ತಿನ ಸ್ಟಾಂಪು, ಅಫಿಡವಿಟ್, ಟೈಪಿಂಗ್, ಜೆರಾಕ್ಸ್, ಪ್ರತಿ ಸಾಲಗಾರನಿಗೆ ನೋಟಿಸ್ ಕಳಿಸುವ ಖರ್ಚು, ಪ್ರಕಟಣೆಯ ಖರ್ಚು ಇವೆಲ್ಲ ಎರಡನೆಯದರಲ್ಲಿ ಬರುತ್ತವೆ. ಹನ್ನೊಂದು ಸಾಲಗಾರರಿದ್ದರೆ ಹನ್ನೊಂದು ನೋಟಿಸು. ದೇವದುರ್ಗದಿಂದ ಪ್ರತಿ ತಾರೀಖಿಗೂ ರಾಯಚೂರಿಗೆ ಬಂದು ಹೋಗುವ ಬಸ್ ಚಾರ್ಜು, ಅಂದು ಮುಚ್ಚಿದ ಅಂಗಡಿಯ ನಷ್ಟ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ವಕಾಲತ್ತಿಗೆ ಸಹಿ ಹಾಕುವ ಮುನ್ನ ನಾಲ್ಕು ಮಾತು ಕೇಳಬೇಕು:

1. ನೀವು ಹೇಳಿದ ಮೊತ್ತದಲ್ಲಿ ಕೋರ್ಟಿನ ಖರ್ಚು ಸೇರಿದೆಯೇ?

2. ಈ ಫೀ ಎಲ್ಲಿಯವರೆಗಿನ ಕೆಲಸಕ್ಕೆ? ದಿವಾಳಿ ಘೋಷಣೆಯಾದ ಮೇಲೆ ಸಾಲದಿಂದ ಬಿಡುಗಡೆಗೆ ಮತ್ತೊಂದು ಅರ್ಜಿ ಹಾಕಬೇಕು. ಕೋರ್ಟು ಕೊಟ್ಟ ಅವಧಿಯೊಳಗೆ ಅದನ್ನು ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ. ಮೊದಲನೆಯದಕ್ಕೆ ಮಾತ್ರ ಫೀ ಕೊಟ್ಟವರು ನಡುದಾರಿಯಲ್ಲಿ ನಿಲ್ಲುತ್ತಾರೆ.

3. ಹಣವನ್ನು ಕಂತಿನಲ್ಲಿ ಕೊಡಬಹುದೇ, ರಸೀದಿ ಕೊಡುತ್ತೀರಾ?

4. ಐಪಿ ಬಿಟ್ಟು ಬೇರೆ ದಾರಿ ಇದೆಯೇ?

ಕೇಸು ಗೆದ್ದರೆ ಇಷ್ಟು ಪಾಲು ಎಂದು ವಕೀಲರು ಮಾತು ಕಟ್ಟುವಂತಿಲ್ಲ, ಅದಕ್ಕೆ ಬಾರ್ ಕೌನ್ಸಿಲ್ ನಿಯಮ ಅಡ್ಡಿ. ಫೀ ಬಾಕಿ ಇದೆಯೆಂದು ನಮ್ಮ ಕಾಗದಪತ್ರ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಡುವಿನ ದಲ್ಲಾಳಿಯ ಕೈಗೆ ಹಣ ಕೊಡಲೇಬಾರದು.

ಫೀ ಕೊಡುವ ಶಕ್ತಿ ಇಲ್ಲದಿದ್ದರೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯದ ಮಿತಿ 3 ಲಕ್ಷ ರೂಪಾಯಿ. ವಕೀಲರ ಫೀ, ಕೋರ್ಟ್ ಶುಲ್ಕ, ನೋಟಿಸ್ ಖರ್ಚು ಪ್ರಾಧಿಕಾರದ್ದೇ. ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಸಹಾಯವಾಣಿ 15100.

ಮಾಮುವಿಗೆ ಪ್ರಾಧಿಕಾರದಿಂದ ಸಿಕ್ಕ ವಕೀಲರು ಮೊದಲು ಕೇಳಿದ್ದು ಸಾಲದ ಪಟ್ಟಿಯನ್ನು. ಉದ್ರಿ ಖಾತೆಯನ್ನೂ ತರಿಸಿ, ನಾನು ಕುಳಿತು ಎರಡನ್ನೂ ಬರೆದೆ. ಬರಬೇಕಾದ ಹಣವೇ ಎರಡು ಲಕ್ಷಕ್ಕೂ ಹೆಚ್ಚು ಇತ್ತು! ಅವರು ಐಪಿ ಬೇಡ ಎಂದರು. ಬ್ಯಾಂಕಿನ ಸಾಲವನ್ನು ಲೋಕ ಅದಾಲತ್‌ಗೆ ಒಯ್ದರು. ಅಲ್ಲಿ ಶುಲ್ಕವಿಲ್ಲ. ಇಬ್ಬರೂ ಒಪ್ಪಿದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಕಂತಿಗೆ ಒಪ್ಪಿಗೆಯಾಯಿತು. ಫೈನಾನ್ಸಿನವರು ಮನೆ ಮುಂದೆ ಕುಳಿತು ಕಿರುಕುಳ ಕೊಟ್ಟರೆ ಸುಮ್ಮನಿರಬೇಕಿಲ್ಲ ಎಂದೂ ತಿಳಿಸಿದರು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಇಂಥ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು.

ಐಪಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆಸ್ತಿ ಏನೂ ಉಳಿಯದೆ ಸಾಲವೇ ಉಳಿದವರಿಗೆ ಅದು ಕಾನೂನು ಕೊಟ್ಟ ಗೌರವದ ದಾರಿ. "ಕರ್ಜು ಮುಳುಗಿಸಿದ ಅನ್ನಿಸಿಕೊಳ್ಳಲಾರೆ ಬೇಟಾ" ಎಂದು ಮಾಮು ಅಳುತ್ತಿದ್ದರು. ಬಿಡುಗಡೆ ಸಿಕ್ಕ ಮೇಲೂ ಕೈಲಾದಾಗ ಕೊಡುತ್ತೇನೆಂದರೆ ಯಾವ ಕಾನೂನೂ ತಡೆಯುವುದಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಕಾಗದ ಓದಬಲ್ಲವರು ನಾವೇ. ಮನೆಯಲ್ಲಿ ಸಾಲದ ಮಾತು ಪಿಸುಮಾತಾದರೆ ಒಂದು ನೋಟ್‌ಬುಕ್ ಹಿಡಿದು ಹಿರಿಯರ ಹತ್ತಿರ ಕುಳಿತುಕೊಳ್ಳಿ. ಯಾರಿಗೆ ಎಷ್ಟು, ಜಾಮೀನು ಯಾರು, ನಮಗೆ ಬರಬೇಕಾದದ್ದೆಷ್ಟು ಎಂದು ಬರೆಯಿರಿ. ಆ ಪಟ್ಟಿ ಹಿಡಿದುಕೊಂಡೇ ವಕೀಲರ ಬಳಿ ಹೋಗಿ. ಮುಮಾನಿಯ ಬಂಗಾರ ಈಗಲೂ ಮನೆಯಲ್ಲೇ ಇದೆ.