ಅಕ್ಕನ ಆಲ್ಬಂ, ತಮ್ಮನ ಆಟ

ಸೀರೆ ಮರೂನ್ ಬಣ್ಣದ್ದು. ಆಲ್ಬಂನಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮದುಮಗಳ ತಾಯಿ ಮಾತಾಡದೆ ಎದ್ದುಹೋಗಿ, ಬೀರುವಿನಿಂದ ಆ ಸೀರೆಯನ್ನೇ ತಂದು, ಸೆರಗನ್ನು ಆಲ್ಬಂ ಹಾಳೆಯ ಪಕ್ಕ ಹಾಸಿ, "ನೋಡಮ್ಮ, ಇದೇನಾ ಅದು?" ಎಂದರು. ಬೇರೆ ಊರಾಗಿದ್ದರೆ ಲೈಟಿಂಗ್ ಮೇಲೆ ತಪ್ಪು ಹೊರಿಸಿ ಬಚಾವಾಗಬಹುದಿತ್ತೇನೋ. ನಮ್ಮದು ವಿಜಯಪುರ, ದೇವನಹಳ್ಳಿ ತಾಲ್ಲೂಕಿನದು. ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರು, ನೂಲು ಬಿಚ್ಚುವವರ ಊರು. ಇಲ್ಲಿ ರೇಷ್ಮೆಯ ವಿಷಯದಲ್ಲಿ ಹೆಂಗಸರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಇಡೀ ಆಲ್ಬಂ ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಹಾಕಿಸಿಕೊಟ್ಟೆ.

ಫೋಟೋ ತೆಗೆಯುವವಳು ನಾನಲ್ಲ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಯ ಛತ್ರಗಳಲ್ಲಿ ಸ್ಟುಡಿಯೋದವರು ಶೂಟ್ ಮಾಡುತ್ತಾರೆ. ನಂದಿಬೆಟ್ಟದ ಮಂಜಿನಲ್ಲಿ ಜೋಡಿಗಳನ್ನು ನಿಲ್ಲಿಸಿ ತೆಗೆದ ಪ್ರೀ-ವೆಡ್ಡಿಂಗ್ ಫೋಟೋಗಳೂ ಬರುತ್ತವೆ. ನಾನು ಮನೆಯಲ್ಲೇ ಕೂತು ಬಣ್ಣ ತಿದ್ದಿ ಆಲ್ಬಂ ಕೂಡಿಸುತ್ತೇನೆ. ಈ ಕೆಲಸವನ್ನು ವರ್ಷಗಟ್ಟಲೆ ಯಾವುದೋ ಆಫೀಸಿನವರು ಬಳಸಿ ಬಿಸಾಕಿದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ಮಾಡಿದೆ. 8 ಜಿಬಿ ರ‍್ಯಾಮ್, ಗರಗರ ಎನ್ನುವ ಹಾರ್ಡ್‌ಡಿಸ್ಕ್, ಜೊತೆಗೆ ಒಂದು ವಿಚಿತ್ರ ಮಾನಿಟರ್. ಬೆನ್ನು ನೆಟ್ಟಗೆ ಮಾಡಿ ಕೂತರೆ ಒಂದು ಬಣ್ಣ, ಸ್ವಲ್ಪ ಬಗ್ಗಿದರೆ ಇನ್ನೊಂದು. ಅದು ಟಿಎನ್ ಪ್ಯಾನೆಲ್, ಅದರ ಗುಣವೇ ಹಾಗೆ ಎಂದು ಆಮೇಲೆ ತಿಳಿಯಿತು. ಆ ಮರೂನನ್ನು ನಾನು ತಿದ್ದಿದ್ದು ಮಧ್ಯರಾತ್ರಿ, ಸುಸ್ತಾಗಿ ಕುರ್ಚಿಯಲ್ಲಿ ಜಾರಿ ಕೂತು.

ಇದೆಲ್ಲ 2024ರ ಮಾತು. ತಮ್ಮ ಆಗ ಬಿಸಿಎ ಓದುತ್ತಿದ್ದ. ಅವನಿಗೂ ಕಂಪ್ಯೂಟರ್ ಬೇಕಿತ್ತು, ಓದಲು ಎಂದು ಬಾಯಲ್ಲಿ, ವ್ಯಾಲೊರಂಟ್ ಆಡಲು ಎಂದು ಮನಸ್ಸಿನಲ್ಲಿ. ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು: "ಒಂದೇ ಮಿಷನ್ನು. ಒಂದೇ ಲಕ್ಷ. ಹಗಲು ಅವಳಿಗೆ, ರಾತ್ರಿ ನಿನಗೆ."

ತಮ್ಮ ಅರ್ಧ ಗಂಟೆಯಲ್ಲಿ ಪಟ್ಟಿ ತಂದ. ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಮೊದಲ ಸಾಲಿನಲ್ಲಿತ್ತು. ಅದೊಂದಕ್ಕೇ ಐವತ್ತೈದು ಸಾವಿರದ ಮೇಲೆ. ಉಳಿದದ್ದೆಲ್ಲ ಅಳಿದುಳಿದ ದುಡ್ಡಿನಲ್ಲಿ. "ಕಾರ್ಡೇ ಹೀರೋ ಅಕ್ಕ, ಮಿಕ್ಕಿದ್ದೆಲ್ಲ ಸೈಡ್ ಆಕ್ಟರ್ಸು."

ನೂಲು ಬಿಚ್ಚುವ ಅಪ್ಪನಿಗೆ ಕಾರ್ಡು ಗೊತ್ತಿಲ್ಲ, ಆದರೆ ಗೂಡು ಬೇಯಿಸುವ ಬೇಸಿನ್ ಗೊತ್ತು. ಗೂಡು ಹದವಾಗಿ ಬೇಯದಿದ್ದರೆ ಚರಕ ಎಷ್ಟು ಜೋರಾಗಿ ತಿರುಗಿದರೂ ಎಳೆ ತುಂಡಾಗುತ್ತಲೇ ಇರುತ್ತದೆ, ಕೂಲಿಯವಳು ಎಳೆ ಹುಡುಕುತ್ತಾ ಕೂರುತ್ತಾಳೆ. "ನೀನು ಕೆಲಸದಲ್ಲಿ ಎಲ್ಲೆಲ್ಲಿ ಕಾಯ್ತೀಯ ಅಂತ ಮೊದ್ಲು ನೋಡ್ಕೋ. ಅಲ್ಲಿಗೆ ದುಡ್ಡು ಹಾಕು," ಎಂದರು. ನಾನು ಒಂದು ನೋಟ್‌ಬುಕ್ ತೆಗೆದುಕೊಂಡು, ಟಾಸ್ಕ್ ಮ್ಯಾನೇಜರನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಮೂರು ದಿನ ಕಾದದ್ದನ್ನೆಲ್ಲ ಬರೆದೆ.

ಮೊದಲ ದಿನವೇ ಕಳ್ಳ ಸಿಕ್ಕಿಬಿದ್ದ. ನಮ್ಮ ಕಡೆ ನಡೆಯುವ ಕರಿಜ್ಮಾ ಆಲ್ಬಂನ ಒಂದು ಜೋಡಿ ಹಾಳೆ ಬಿಚ್ಚಿದರೆ 12 ಇಂಚು ಎತ್ತರ, 36 ಇಂಚು ಅಗಲ. ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ 3,600 ಗುಣಿಸು 10,800, ಹತ್ತಿರ ಹತ್ತಿರ 3 ಕೋಟಿ 89 ಲಕ್ಷ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಹಾಳೆ ತುಂಬ ಹರಡಿದ ಒಂದು ಲೇಯರ್‌ಗೆ ಸುಮಾರು 117 ಎಂಬಿ ಆಯಿತು. ಹಿನ್ನೆಲೆಗೊಂದು, ಹೂವಿನ ಬಾರ್ಡರಿಗೊಂದು, ನೆರಳಿಗೊಂದು, ಮೇಲೆ ಏಳೆಂಟು ಫೋಟೋ. ಇದರ ಜೊತೆ ಫೋಟೋಶಾಪ್ ನಾವು ಮಾಡಿದ ಇತ್ತೀಚಿನ ಹೆಜ್ಜೆಗಳನ್ನು ಅಳಿಸಿ ಹಿಂದಕ್ಕೆ ಹೋಗಲೆಂದು ನೆನಪಿಟ್ಟುಕೊಳ್ಳುತ್ತದೆ. 8 ಜಿಬಿ ಯಾವ ಮೂಲೆಗೆ? ರ‍್ಯಾಮ್ ತುಂಬಿದೊಡನೆ ಅದು ಹಾರ್ಡ್‌ಡಿಸ್ಕಿನ ಮೇಲೆ ಬರೆಯಲು ಶುರು ಮಾಡುತ್ತದೆ. ಹಳೆಯ ಡಿಸ್ಕ್ ಸೆಕೆಂಡಿಗೆ 100–150 ಎಂಬಿ ಎಳೆದರೆ ಹೆಚ್ಚು. ನಾನು ಇಷ್ಟು ದಿನ ಪ್ರೊಸೆಸರನ್ನು ಬೈದುಕೊಂಡಿದ್ದೆ. ಪಾಪ, ಅದು ಆ ಹೊತ್ತಿನಲ್ಲಿ ಕೈಕಟ್ಟಿ ಕೂತಿರುತ್ತಿತ್ತು.

ಹಾಗಾಗಿ 32 ಜಿಬಿ ರ‍್ಯಾಮ್ ಎಂಬುದು ಪಟ್ಟಿಯ ಮೊದಲ ಸಾಲಾಯಿತು. 16ರ ಎರಡು ಸ್ಟಿಕ್. ಎರಡು ದಾರಿಯಲ್ಲಿ ಒಟ್ಟಿಗೆ ಓಡಲಿ ಎಂದು ಜೋಡಿ ಹಾಕುವುದು. ನಾಲ್ಕೂ ಸ್ಲಾಟ್ ತುಂಬಿದರೆ ಈಗಿನ ಡಿಡಿಆರ್5ನಲ್ಲಿ ವೇಗ ಇಳಿಯುತ್ತದೆ, ಅದಕ್ಕೇ ಎಂಟೆಂಟರ ನಾಲ್ಕು ಬೇಡ. ಡಿಸ್ಕಿನ ಜಾಗಕ್ಕೆ ಚೂಯಿಂಗ್ ಗಮ್ ಪಟ್ಟಿಯಷ್ಟೇ ಇರುವ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ. ಅದು ಸೆಕೆಂಡಿಗೆ ಸಾವಿರಗಟ್ಟಲೆ ಎಂಬಿ ಓದುತ್ತದೆ. ಮದುವೆಯೊಂದಕ್ಕೆ ಎರಡೂವರೆ ಸಾವಿರ ರಾ ಫೈಲ್, ತಲಾ 25 ಎಂಬಿ ಎಂದರೂ 60 ಜಿಬಿ ದಾಟುತ್ತದೆ. ಆಲ್ಬಂ ಮುಗಿದ ಮೇಲೆ ಅದೆಲ್ಲ ಹಳೆಯ ದೊಡ್ಡ ಡಿಸ್ಕಿಗೆ ಹೋಗಲಿ, ಅಲ್ಲಿ ನಿಧಾನವಾದರೆ ನಷ್ಟವಿಲ್ಲ.

ಎರಡನೆಯ ದಿನದ ಬರಹದಲ್ಲಿ ಪ್ರೊಸೆಸರ್ ಬಂತು. ಸಾವಿರ ಫೋಟೋಗಳನ್ನು ಜೆಪೆಗ್ ಮಾಡಿ ಹೊರಗೆ ಹಾಕುವಾಗ ಅದು ನೂರಕ್ಕೆ ನೂರು ದುಡಿಯುತ್ತಿತ್ತು. ತಮ್ಮನೂ ಇಲ್ಲಿ ನನ್ನ ಪಕ್ಷ. ವ್ಯಾಲೊರಂಟ್‌ನಂಥ ಆಟ ಕಾರ್ಡಿಗಿಂತ ಪ್ರೊಸೆಸರನ್ನೇ ಹೆಚ್ಚು ದುಡಿಸುತ್ತದೆ ಎಂದು ಅವನೇ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಅವನ ಹೀರೋ ಅರ್ಧ ಕುಗ್ಗಿದ! ಎಎಂಡಿಯ ರೈಜೆನ್ 5 7600 ಎಂಬುದಕ್ಕೆ ಕೈಯಿಟ್ಟೆವು. 6 ಕೋರ್, ಜೊತೆಗೆ ಫ್ಯಾನೂ ಪೆಟ್ಟಿಗೆಯಲ್ಲೇ ಬರುತ್ತದೆ. ಅದು ಕೂರುವ ಎಎಂ5 ಸಾಕೆಟ್‌ಗೆ 2027ರವರೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆಂದು ಕಂಪನಿ ಹೇಳಿದೆ, ಹಾಗಾಗಿ ಮುಂದೆ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ನನಗೆ ಹಿಡಿಸಿದ್ದು ಇನ್ನೊಂದು ಸಣ್ಣ ಸಂಗತಿ: ಇದರೊಳಗೇ ಪುಟ್ಟ ಗ್ರಾಫಿಕ್ಸ್ ಇದೆ. ಕಾರ್ಡು ಕೆಟ್ಟು ವಾರಂಟಿಗೆ ಹೋದರೂ ನನ್ನ ಕೆಲಸ ನಿಲ್ಲುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಅಂಟಿದ್ದರೆ ಅದಕ್ಕೆ ಈ ಅನುಕೂಲ ಇಲ್ಲವೆಂದು ತಿಳಿಯಬೇಕು. ಸಾವಿರ ರೂಪಾಯಿ ಕಡಿಮೆ ಅಂತ ಅಂಗಡಿಯವರು ಅದನ್ನೇ ಮುಂದಿಡುತ್ತಾರೆ.

ಇನ್ನು ಕಾರ್ಡು. ಬ್ರಷ್ ಎಳೆಯಲು, ಚರ್ಮ ನುಣುಪು ಮಾಡಲು ನನಗೆ ದೊಡ್ಡ ಕಾರ್ಡು ಬೇಕಿಲ್ಲ. ಆದರೆ 2023ರಲ್ಲಿ ಲೈಟ್‌ರೂಮ್‌ಗೆ ಎಐ ಡಿನಾಯ್ಸ್ ಬಂತಲ್ಲ, ಕತ್ತಲೆಯ ಛತ್ರದಲ್ಲಿ ತೆಗೆದ ಫೋಟೋದ ಮರಳುಮರಳನ್ನು ತೆಗೆಯುವಂಥದ್ದು, ಅದು ಪೂರಾ ಕಾರ್ಡಿನ ಮೇಲೇ ನಡೆಯುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಒತ್ತಿ ನಾನು ಅನ್ನಕ್ಕಿಟ್ಟು ಬರುತ್ತಿದ್ದೆ. ಕೊನೆಗೆ 8 ಜಿಬಿಯ ಆರ್‌ಟಿಎಕ್ಸ್ 4060ಕ್ಕೆ ಇಬ್ಬರೂ ರಾಜಿಯಾದೆವು. ಮೊದಲ ಎರಡು ಅಂಕಿ ಪೀಳಿಗೆ, ಕೊನೆಯ ಎರಡು ದರ್ಜೆ, 60 ಎಂದರೆ ಮಧ್ಯಮ ವರ್ಗ, ನಮ್ಮ ಹಾಗೆ. ಅದು ಉಣ್ಣುವ ಕರೆಂಟು 115 ವ್ಯಾಟ್ ಮಾತ್ರ. ತಮ್ಮ ಕೇಳಿದ ಕಾರ್ಡಿಗೂ ಇದಕ್ಕೂ ಇದ್ದ ಇಪ್ಪತ್ತೇಳು ಸಾವಿರದ ವ್ಯತ್ಯಾಸದಲ್ಲಿ ರ‍್ಯಾಮೂ ಬಂತು, ಮಾನಿಟರೂ ಬಂತು. ಭಾರೀ ಆಟಗಳಿಗೆ 8 ಜಿಬಿ ಬಿಗಿಯಾಗುತ್ತದೆ ಎಂಬ ಅವನ ತಕರಾರು ಸುಳ್ಳಲ್ಲ. ಸೈಬರ್‌ಪಂಕ್‌ನಲ್ಲಿ ಸೆಟ್ಟಿಂಗ್ ಇಳಿಸಿಕೊಂಡೇ ಆಡುತ್ತಾನೆ.

ಮಾನಿಟರ್ ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ಆ ಸೀರೆ ನನ್ನ ಕಣ್ಣ ಮುಂದಿತ್ತು. ಐಪಿಎಸ್ ಪ್ಯಾನೆಲ್, ಯಾವ ಕಡೆಯಿಂದ ನೋಡಿದರೂ ಬಣ್ಣ ಓಡಬಾರದು. ಎಸ್‌ಆರ್‌ಜಿಬಿ ಬಣ್ಣಗಳನ್ನು ಹೆಚ್ಚು ಕಡಿಮೆ ಪೂರ್ತಿ ತೋರಿಸಬೇಕು, ಯಾಕೆಂದರೆ ಆಲ್ಬಂ ಪ್ರಿಂಟ್ ಹಾಕುವ ಲ್ಯಾಬಿನವರು ಕೇಳುವುದೇ ಎಸ್‌ಆರ್‌ಜಿಬಿ ಜೆಪೆಗ್. 27 ಇಂಚು, 2560 ಗುಣಿಸು 1440. ಇದಕ್ಕೇ 165 ಹರ್ಟ್ಜ್ ಸೇರಿಸಿದ್ದರಿಂದ ತಮ್ಮನ ಮುಖವೂ ಅರಳಿತು. ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾದರೆ ಓಡುವ ಶತ್ರು ಕಲಸಿಹೋಗದೆ ಕಾಣುತ್ತಾನಂತೆ. ಒಂದೇ ಪರದೆಯಲ್ಲಿ ಬಣ್ಣವೂ ವೇಗವೂ ಸಿಗುವ ಕಾಲ ಬಂದಿದ್ದು ನಮ್ಮಿಬ್ಬರ ಪುಣ್ಯ. ಮನೆಗೆ ಬಂದ ಮೇಲೆ ಕಲಿತ ಪಾಠವೊಂದಿದೆ. ಹೊಸ ಮಾನಿಟರ್ ಕಣ್ಣು ಕುಕ್ಕುವಷ್ಟು ಬೆಳಕಿಟ್ಟುಕೊಂಡೇ ಬರುತ್ತದೆ. ಹಾಗೇ ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಗೆ ಬರುತ್ತದೆ. ಪರಿಚಯದ ಫೋಟೋಗ್ರಾಫರ್ ಒಬ್ಬರಿಂದ ಪರದೆಯ ಬಣ್ಣ, ಬೆಳಕು ಅಳೆಯುವ ಕ್ಯಾಲಿಬ್ರೇಟರ್ ಎರವಲು ತಂದು ಬೆಳಕನ್ನು 120 ನಿಟ್ಸ್‌ಗೆ ಇಳಿಸಿದೆ.

ಕೊಳ್ಳಲು ಹೋದದ್ದು ಬೆಂಗಳೂರಿನ ಎಸ್.ಪಿ. ರೋಡಿಗೆ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಟೌನ್‌ಹಾಲ್ ಹತ್ತಿರ ಇಳಿದು ನಡೆದರೆ ಸಿಗುತ್ತದೆ. ಕಿರಿದಾದ ಮೆಟ್ಟಿಲು ಹತ್ತಿದರೂ ಅಂಗಡಿ, ಇಳಿದರೂ ಅಂಗಡಿ. ಮೊದಲನೆಯವನು ನನ್ನ ಪಟ್ಟಿಯನ್ನು ನೋಡಲೇ ಇಲ್ಲ, "ಮೇಡಂ, ಕಾಂಬೋ ತಗೊಳ್ಳಿ" ಎಂದು ಏಳು ಬಣ್ಣದಲ್ಲಿ ಮಿನುಗುವ ಕ್ಯಾಬಿನೆಟ್ ತೋರಿಸಿದ. ಒಳಗೆ ಯಾವ ಎಸ್‌ಎಂಪಿಎಸ್ ಅಂತ ಕೇಳಿದೆ. "ಒಳ್ಳೇದೇ ಇರುತ್ತೆ ಮೇಡಂ." ಅಲ್ಲಿಂದ ಕೆಳಗಿಳಿದೆವು. ಎಸ್‌ಎಂಪಿಎಸ್ ಅಂದರೆ ಮನೆಯ ಕರೆಂಟನ್ನು ಬಿಡಿಭಾಗಗಳಿಗೆ ಹದ ಮಾಡಿ ಹಂಚುವ ಪೆಟ್ಟಿಗೆ. ಹೆಸರಿಲ್ಲದ್ದು ಸುಟ್ಟರೆ ಒಂದೇ ಸುಡುವುದಿಲ್ಲ, ಜೊತೆಗೆ ಇನ್ನಷ್ಟನ್ನು ಕರೆದುಕೊಂಡು ಹೋಗಬಹುದು. ನಮ್ಮ ಲೆಕ್ಕದಲ್ಲಿ ಎಲ್ಲ ಸೇರಿ 300 ವ್ಯಾಟ್ ದಾಟುವುದಿಲ್ಲ. ಆದರೂ 80 ಪ್ಲಸ್ ಬ್ರಾಂಜ್ ಗುರುತಿನ 650 ವ್ಯಾಟ್‌ನದು ಕೊಂಡೆವು. ಬಿಲ್ ಬೇಕಾ ಬೇಡವಾ ಎಂಬ ಪ್ರಶ್ನೆ ಅಲ್ಲಿ ಕೇಳಿಸಿದ್ದೂ ಉಂಟು. 18 ಪರ್ಸೆಂಟ್ ಜಿಎಸ್‌ಟಿ ಉಳಿಸಲು ಹೋದರೆ ನಾಳೆ ವಾರಂಟಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿಯೇ ದುಡ್ಡು ಕೊಟ್ಟೆ.

ಎನ್‌ವಿಎಂಇಯನ್ನು ಮಾತ್ರ ಮುನ್ನೂರು ರೂಪಾಯಿ ಅಗ್ಗವೆಂದು ಆನ್‌ಲೈನ್‌ನಲ್ಲಿ ತರಿಸಿದೆ. ಅದು ವಿಜಯಪುರಕ್ಕೆ ಹೋಯಿತು. ನಮ್ಮದಕ್ಕಲ್ಲ, ಆ ವಿಜಯಪುರಕ್ಕೆ. 2014ರಲ್ಲಿ ಬಿಜಾಪುರಕ್ಕೆ ವಿಜಯಪುರ ಎಂದು ಹೆಸರಾದಾಗಿನಿಂದ ನಮ್ಮ ಊರಿನ ಪಾರ್ಸೆಲ್‌ಗಳಿಗೆ ಗೋಳಗುಮ್ಮಟ ನೋಡುವ ಯೋಗ ಬಂದಿದೆ. ಪಿನ್‌ಕೋಡ್ 562135 ಎಂದು ಸರಿಯಾಗಿಯೇ ಹಾಕಿದ್ದೆ. ಒಂಬತ್ತು ದಿನ ತಡವಾಗಿ, ಒಂದು ಮೂಲೆ ಜಜ್ಜಿಸಿಕೊಂಡು ಬಂತು. ಒಳಗಿನ ಮಾಲು ಕ್ಷೇಮವಾಗಿತ್ತು.

ಜೋಡಿಸಿದ್ದು ನಾವೇ, ನಡುಮನೆಯ ಮಂಚದ ಮೇಲೆ. ಎಎಂ5ನಲ್ಲಿ ಕೂದಲಿನಂಥ ಪಿನ್‌ಗಳು ಪ್ರೊಸೆಸರಿನಲ್ಲಿಲ್ಲ, ಬೋರ್ಡಿನಲ್ಲಿವೆ. ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ, ಸುಮ್ಮನೆ ಇಟ್ಟು ಬಿಡಬೇಕು. ಎಳೆ ತೆಗೆದು ಪಳಗಿದ ಅಮ್ಮನ ಬೆರಳಿಗೇ ಆ ಕೆಲಸ ಕೊಟ್ಟೆವು. ಆಮೇಲೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ತಮ್ಮ ಬೆವರುತ್ತಾ ಸ್ವಿಚ್ ಆರಿಸಲು ಕೈ ಚಾಚಿದ. ಅಪ್ಪ ತಡೆದರು: "ಗೂಡು ಬೇಯೋಕೂ ಹೊತ್ತು ಬೇಕು ಕಣೋ, ಸುಮ್ನಿರು." ಅವರಿಗೆ ಹೇಗೆ ತಿಳಿಯಿತೋ! ಹೊಸ ಡಿಡಿಆರ್5 ರ‍್ಯಾಮನ್ನು ಬೋರ್ಡು ಮೊದಲ ಸಲ ಪರಿಚಯ ಮಾಡಿಕೊಳ್ಳುವಾಗ ಹೀಗೆ ನಿಮಿಷಗಟ್ಟಲೆ ಕಪ್ಪಾಗಿಯೇ ಇರುತ್ತದೆ, ನಡುವೆ ಆರಿಸಬಾರದು. ನಾಲ್ಕನೆಯ ನಿಮಿಷಕ್ಕೆ ಅಕ್ಷರ ಮೂಡಿತು.

ಎರಡು ವಾರ ತಮ್ಮ 165 ಹರ್ಟ್ಜ್ ಎಂದು ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಅದು 60ಕ್ಕೇ ನಿಂತಿತ್ತು. ಇದನ್ನು ಕಂಡುಹಿಡಿದವಳು ನಾನು, ಹಾಗಾಗಿ ಇಲ್ಲಿ ಬರೆಯದೆ ಬಿಡಲಾರೆ. ರ‍್ಯಾಮ್ ಕೂಡ ಹಾಗೇ, ಬಯೋಸ್‌ಗೆ ಹೋಗಿ ಎಕ್ಸ್‌ಪೋ ಎಂಬುದನ್ನು ಹಾಕುವ ತನಕ ಪೆಟ್ಟಿಗೆಯ ಮೇಲೆ ಬರೆದ ವೇಗದಲ್ಲಿ ಓಡುವುದಿಲ್ಲ.

ಒಂದು ಲಕ್ಷ ಎಂದದ್ದು ಯುಪಿಎಸ್ ಸೇರಿ ಹತ್ತು ಸಾವಿರ ಮೇಲಾಯಿತು. 600 ವಿಎ ಎಂದು ಮಾರುವ ಯುಪಿಎಸ್ ನಿಜಕ್ಕೂ ಕೊಡುವುದು 360 ವ್ಯಾಟ್. ಮಾನಿಟರೂ ಸೇರಿದರೆ ಏದುಸಿರು ಬಿಡುತ್ತದೆಂದು 1,100 ವಿಎಯದು ತಂದೆವು. ನಮ್ಮ ಬೀದಿಯಲ್ಲಿ ಕರೆಂಟು ಹೇಳದೆ ಹೋಗುವುದರಿಂದ ಇದರಲ್ಲಿ ಚೌಕಾಸಿ ಮಾಡಲಾಗಲಿಲ್ಲ.

ಈಗ ಪಕ್ಕದ ಮನೆಯ ಹುಡುಗ ಅದೇ ಪಟ್ಟಿ ಹಿಡಿದು ಹೊರಟಿದ್ದಾನೆ. ನಾನು ಒಂಬತ್ತು ಸಾವಿರಕ್ಕೆ ತಂದ ರ‍್ಯಾಮ್ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎಐಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಲ್ಲಿ ಬೆಲೆ ಮೇಲಕ್ಕೇರಿತು. ಮನೆಬಳಕೆಯ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ ಹೇಳಿತು. ಹುಡುಗನಿಗೆ ಸದ್ಯಕ್ಕೆ 16ರ ಒಂದೇ ಸ್ಟಿಕ್ ಹಾಕಿಸು, ಜೋಡಿ ಆಮೇಲೆ ನೋಡೋಣ ಎಂದಿದ್ದೇನೆ. ಅವನು ಆಲ್ಬಂ ಮಾಡುವವನಲ್ಲವಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಹತ್ತಕ್ಕೆ ಕುರ್ಚಿ ತಮ್ಮನದು. ಮದುವೆ ಸೀಸನ್‌ನಲ್ಲಿ ಮಾತ್ರ ಹತ್ತಾದರೂ ನನ್ನ ಎಕ್ಸ್‌ಪೋರ್ಟ್ ಮುಗಿದಿರುವುದಿಲ್ಲ. ಅವನು ಹೆಡ್‌ಸೆಟ್ ಕೊರಳಿಗೆ ಹಾಕಿಕೊಂಡು ನನ್ನ ಬೆನ್ನ ಹಿಂದೆ ನಿಂತು, ಪರದೆಯ ಮೇಲೆ ತೆವಳುವ ನೀಲಿ ಪಟ್ಟಿಯನ್ನೇ ನೋಡುತ್ತಾ, "ಇನ್ನೆಷ್ಟು ಹೊತ್ತಕ್ಕ?" ಎನ್ನುತ್ತಾನೆ.