ಭುಜದ ಅಳತೆಗೆ ಕನ್ನಡಿ

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿ, ಬೋರ್ಡಿಲ್ಲದ ಲೇತ್ ಅಂಗಡಿಯೊಂದಿದೆ. ಹಳೇ ಯೆಜ್ಡಿ, ಬುಲೆಟ್ ಇಟ್ಟುಕೊಂಡವರು ಕನ್ನಡಿ ಮಾಡಿಸಲು ಇಲ್ಲಿಗೆ ಬರುತ್ತಾರೆ. ಬಂದವರ ಗಾಡಿಯನ್ನು ಇಲ್ಲಿನ ಮೇಸ್ತ್ರಿ ಹೆಚ್ಚು ನೋಡುವುದಿಲ್ಲ. "ಕೂತ್ಕೊಳಿ ಸಾರ್, ಹ್ಯಾಂಡಲ್ ಹಿಡ್ಕೊಳಿ" ಎನ್ನುತ್ತಾರೆ. ಮೈ ಬಿಗಿ ಮಾಡಿ ಕೂತರೆ ಒಪ್ಪುವುದಿಲ್ಲ. "ಊರಿಂದೂರಿಗೆ ಹೋಗುವಾಗ ಹೆಂಗೆ ಕೂರ್ತೀರೋ ಹಂಗೆ ಕೂರಿ. ನನ್ನ ನೋಡ್ಬೇಡಿ, ಆ ಲೈಟ್ ಕಂಬ ನೋಡಿ." ಎರಡು ನಿಮಿಷ ಸುಮ್ಮನೆ ಬಿಡುತ್ತಾರೆ. ಭುಜ ತಾನಾಗಿ ಇಳಿಯುತ್ತದೆ, ಮೊಣಕೈ ಸ್ವಲ್ಪ ಹೊರಗೆ ಬರುತ್ತದೆ, ಬೆನ್ನು ತನ್ನ ಅಭ್ಯಾಸದ ಬಾಗಿಗೆ ಬರುತ್ತದೆ. ಆಮೇಲೆಯೇ ಅಳತೆ.

ಟೇಪು ಹಿಡಿಯುವುದು ಕೊನೆಗೆ. ಮೊದಲ ಅಳತೆ ತಾಮ್ರದ ತಂತಿಯದು. ಪೆನ್ಸಿಲ್ ದಪ್ಪದ ತಂತಿಯ ಒಂದು ತುದಿಯನ್ನು ಹ್ಯಾಂಡಲಿಗೆ ಬಿಗಿದು, ಇನ್ನೊಂದು ತುದಿಗೆ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಕನ್ನಡಿ ಚೂರು ಅಂಟಿಸಿರುತ್ತಾರೆ. ಓಣಿಯ ತುದಿಯಲ್ಲಿ ಹುಡುಗನೊಬ್ಬ ಎಡಕ್ಕೂ ಬಲಕ್ಕೂ ಸರಿಯುತ್ತಾ ನಿಲ್ಲುತ್ತಾನೆ. "ಕಂಡ್ನಾ? ಈಗ? ಮೊಣಕೈ ಎಷ್ಟು ಕಾಣ್ತದೆ?" ಕೇಳುತ್ತ ಕೇಳುತ್ತ ಮೇಸ್ತ್ರಿ ತಂತಿಯನ್ನು ಬಗ್ಗಿಸುತ್ತ ಹೋಗುತ್ತಾರೆ. ಮೊಣಕೈ ಪೂರ್ತಿ ಮರೆಯಾಗಬಾರದು. ಕನ್ನಡಿಯ ಒಳ ಅಂಚಿನಲ್ಲಿ ಅದರದೊಂದು ಎಳೆ ಕಾಣುತ್ತಿರಬೇಕು. ಆಗ ಹಿಂದೆ ಬರುವ ವಾಹನ ತನ್ನಿಂದ ಎಷ್ಟು ಪಕ್ಕಕ್ಕಿದೆ ಎಂದು ಸವಾರನ ಕಣ್ಣಿಗೆ ಅಂದಾಜು ಸಿಗುತ್ತದೆ. ಸರಿಹೊಂದಿದ ತಂತಿಯನ್ನು ಬಿಚ್ಚಿ, ಚೀಟಿ ಕಟ್ಟಿ, ಗೋಡೆಯ ಮೊಳೆಗೆ ನೇತು ಹಾಕುತ್ತಾರೆ. ಕನ್ನಡಿಯ ಕಡ್ಡಿ ಆ ತಂತಿಯ ಬಾಗಿನಂತೆಯೇ ತಯಾರಾಗುತ್ತದೆ. ಗೋಡೆಯ ತುಂಬ ಅಂಥ ತಂತಿಗಳಿವೆ, ಎರಡು ತಂತಿ ಒಂದೇ ಥರ ಇಲ್ಲ. "ಗಾಡಿ ಒಂದೇ ಸಾರ್. ಅಪ್ಪ ಓಡಿಸಿದ್ರೆ ಒಂದು ಕಡ್ಡಿ, ಮಗ ಓಡಿಸಿದ್ರೆ ಇನ್ನೊಂದು" ಎಂದು ಅವರು ತೋರಿಸಿದ ಎರಡು ತಂತಿಗಳಿಗೂ ಕಟ್ಟಿದ್ದ ಚೀಟಿಯಲ್ಲಿ ಒಂದೇ ರಿಜಿಸ್ಟ್ರೇಷನ್ ನಂಬರಿತ್ತು.

ಅಂಗಡಿಯಲ್ಲಿ ಸಿಗುವ ಕನ್ನಡಿ ಇದ್ದೇ ಇದೆಯಲ್ಲ, ಇಷ್ಟೆಲ್ಲ ಯಾಕೆ ಎನ್ನಿಸಬಹುದು. ಎತ್ತರದ ಆಳು ಕುಳ್ಳನೆಯ ಗಾಡಿ ಓಡಿಸುವಾಗ, ಅಗಲ ಭುಜದವರು ಕಿರಿದಾದ ಹ್ಯಾಂಡಲ್ ಹಿಡಿದಾಗ, ಕಂಪನಿ ಕೊಟ್ಟ ಕನ್ನಡಿಯಲ್ಲಿ ಅರ್ಧ ಭಾಗ ಸ್ವಂತ ಅಂಗಿಯ ತೋಳೇ ಕಾಣುತ್ತದೆ. ಎಷ್ಟೋ ಜನ ಅದಕ್ಕೇ ರೋಸಿ ಕನ್ನಡಿ ಬಿಚ್ಚಿಡುತ್ತಾರೆ. ಗಾಡಿಯ ಅಂದಕ್ಕೆಂದು ಬಿಚ್ಚುವ ಹುಡುಗರದು ಬೇರೆ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂಬದಿ ತೋರಿಸುವ ಕನ್ನಡಿ ಇರಲೇಬೇಕು. ಕಾನೂನು ಒತ್ತಟ್ಟಿಗಿರಲಿ, ಬೆಂಗಳೂರು ರಸ್ತೆಯಲ್ಲಿ ಲೇನ್ ಬದಲಿಸಲು ಕತ್ತು ಪೂರ್ತಿ ತಿರುಗಿಸುವವನು ಆ ಒಂದು ಗಳಿಗೆ ಎದುರಿನ ರಸ್ತೆಯನ್ನು ಕಾಣುತ್ತಿರುವುದಿಲ್ಲ. ನನ್ನ ಮಟ್ಟಿಗೆ ಹೆಲ್ಮೆಟ್ಟಿನ ನಂತರ ಸವಾರನ ಜೀವ ಕಾಯುವ ವಸ್ತು ಇದೇ.

ಮೇಸ್ತ್ರಿಯ ಗಾಜಿನ ಜ್ಞಾನ ನನ್ನನ್ನು ಅಲ್ಲಿ ಬಹಳ ಹೊತ್ತು ನಿಲ್ಲಿಸಿತು. ಬೈಕಿನ ಕನ್ನಡಿ ಸಪಾಟಲ್ಲ, ಉಬ್ಬುಗನ್ನಡಿ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 81ನೇ ನಿಯಮ ದ್ವಿಚಕ್ರ ವಾಹನದ ಕನ್ನಡಿಗೆ 1000ದಿಂದ 1500 ಮಿಲಿಮೀಟರಿನ ವಕ್ರತಾ ತ್ರಿಜ್ಯ ಇರಬೇಕೆನ್ನುತ್ತದೆ. ದುಂಡು ಕನ್ನಡಿಯಾದರೆ ವ್ಯಾಸ 94 ಮಿಲಿಮೀಟರಿಗೆ ಕಡಿಮೆಯಾಗಬಾರದು, 150 ಮೀರಬಾರದು. ಮೇಸ್ತ್ರಿ ನೆಚ್ಚಿರುವುದು 1200ರ ಉಬ್ಬನ್ನು. 94 ಮಿಲಿಮೀಟರಿನ ಸಪಾಟು ಕನ್ನಡಿಯನ್ನು ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿಟ್ಟರೆ ಹಿಂದಿನ ಜಗತ್ತು ಸುಮಾರು 9 ಡಿಗ್ರಿಯಷ್ಟು ಕಾಣುತ್ತದೆ. ಅದೇ ಅಳತೆಯ 1200ರ ಉಬ್ಬುಗಾಜಿನಲ್ಲಿ 18 ಡಿಗ್ರಿ. ನೋಟ ಎರಡರಷ್ಟಾಯಿತು. ಆದರೆ ಅದಕ್ಕೆ ತಕ್ಕಂತೆ ವಸ್ತುಗಳೂ ಅರ್ಧದಷ್ಟು ಕುಗ್ಗುತ್ತವೆ. 30 ಮೀಟರ್ ಹಿಂದಿರುವ ಬಸ್ಸು 60 ಮೀಟರ್ ಆಚೆಗಿದ್ದಂತೆ ತೋರುತ್ತದೆ. ಹೊಸ ಕನ್ನಡಿ ಹಾಕಿಸಿಕೊಂಡವರಿಗೆ ಮೇಸ್ತ್ರಿ ಮೊದಲು ಹೇಳುವುದೇ ಇದನ್ನು: ಒಂದು ವಾರ ಕನ್ನಡಿ ನೋಡಿ, ಕತ್ತು ತಿರುಗಿಸಿಯೂ ನೋಡಿ, ಕಣ್ಣು ಲೆಕ್ಕ ಕಲಿಯಲಿ.

ಇಷ್ಟೆಲ್ಲ ವ್ಯತ್ಯಾಸ ಮಾಡುವ ಉಬ್ಬು ಎಷ್ಟು ಗೊತ್ತೆ? 94 ಮಿಲಿಮೀಟರಿನ ಗಾಜಿನ ನಡುಭಾಗ ಅಂಚಿಗಿಂತ ಒಂದು ಮಿಲಿಮೀಟರಿಗೂ ಕಡಿಮೆ, 0.92ರಷ್ಟು ಮಾತ್ರ ಎದ್ದಿರುತ್ತದೆ. ಅದನ್ನು ಅಳೆಯಲು ಮೇಸ್ತ್ರಿಯ ಹತ್ತಿರ ಲ್ಯಾಬೋರೇಟರಿಯ ಉಪಕರಣವಿಲ್ಲ. ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಇದೆ. ಗಾಜಿನ ಉಬ್ಬಿನ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡ ಇಡುತ್ತಾರೆ. ಅದು ನಡುವೆ ಮಾತ್ರ ತಾಗುತ್ತದೆ. ಎರಡೂ ಅಂಚಿನ ಸಂದಿಗೆ ಗೇಜಿನ ಎಲೆಗಳನ್ನು ತೂರಿಸಿ, ಎರಡೂ ಕಡೆ ಸಮವಾಗಿ ಹಿಡಿಯಿತೆ ಎಂದು ಬೆರಳಿನಲ್ಲೇ ತಿಳಿಯುತ್ತಾರೆ. ಗಾಜನ್ನು ತಿರುಗಿಸಿ ಇನ್ನೊಂದು ದಿಕ್ಕಿನಲ್ಲೂ ನೋಡುತ್ತಾರೆ. ಎರಡು ದಿಕ್ಕಿನಲ್ಲಿ ಲೆಕ್ಕ ಬೇರೆ ಬಂದರೆ ಆ ಗಾಜಿನಲ್ಲಿ ಲಾರಿ ಉದ್ದವಾಗಿಯೋ ಕುಳ್ಳಾಗಿಯೋ ಕಾಣುತ್ತದೆ. ಅಂಥದ್ದು ಬುಟ್ಟಿಗೆ.

ಗಾಜನ್ನು ಅವರೇ ಉಬ್ಬಿಸುವುದಿಲ್ಲ. ಅದಕ್ಕೆ ಗಾಜು ಮೆತ್ತಗಾಗುವಷ್ಟು ಕಾಯುವ ಕುಲುಮೆ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಾರಿನ ದೊಡ್ಡ ಉಬ್ಬುಗಾಜು ತಂದು ಅದರಿಂದ ಬೇಕಾದ ಆಕಾರ ಕೊಯ್ಯುತ್ತಾರೆ. ಕಟರಿನ ಮೊನೆ ಉಬ್ಬಿನ ಉದ್ದಕ್ಕೂ ಗಾಜಿಗೆ ನೆಟ್ಟಗೇ ನಿಂತಿರಬೇಕು, ಗೀರು ಒಂದೇ ಸಲಕ್ಕೆ ಬೀಳಬೇಕು. ಕೊಯ್ದ ಅಂಚನ್ನು ನೀರು ಹಾಕಿ ಎಮರಿ ಕಾಗದದ ಮೇಲೆ ಉಜ್ಜುತ್ತಾರೆ, ಬೆನ್ನಿನ ಲೇಪಕ್ಕೆ ಮಳೆನೀರು ಹತ್ತದಂತೆ ಅಂಚಿಗೆ ಲ್ಯಾಕರ್ ಬಳಿಯುತ್ತಾರೆ, ಒಡೆದರೂ ಚೂರು ಹಾರದಿರಲೆಂದು ಬೆನ್ನಿಗೆ ಫಿಲ್ಮ್ ಅಂಟಿಸುತ್ತಾರೆ. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಸಿಲಿಕೋನ್ ಅಂಟನ್ನು ಅಂಗಡಿಯೊಳಗೇ ಬಿಡುವುದಿಲ್ಲ. ಅದರಿಂದ ಹೊರಡುವ ಆಮ್ಲ ಕನ್ನಡಿಯ ಲೇಪವನ್ನು ತಿಂದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಿಂದ ಕಪ್ಪು ಹಬ್ಬಿಸುತ್ತದೆ. ಮನೆಯಲ್ಲಿ ಕನ್ನಡಿ ಅಂಟಿಸಿಕೊಳ್ಳುವವರೂ ಇದನ್ನು ನೆನಪಿಡಬಹುದು.

ಗಾಜು ಕೂರುವ ಬಟ್ಟಲು ಹಿತ್ತಾಳೆಯದು. ಮೇಸ್ತ್ರಿ ಹುಡುಗನಾಗಿದ್ದಾಗ ಪಾತ್ರೆ ಕಾರ್ಖಾನೆಯಲ್ಲಿ ಕಲಿತ ಸ್ಪಿನ್ನಿಂಗ್ ಕೆಲಸ ಇದು. ಬೀಟೆ ಮರದಲ್ಲಿ ಕಡೆದ ಅಚ್ಚನ್ನು ಲೇತಿಗೆ ಕಟ್ಟಿ, ಅದರ ಮುಂದೆ ಹಿತ್ತಾಳೆ ಹಾಳೆಯ ಬಿಲ್ಲೆಯನ್ನು ಒತ್ತಿ ನಿಲ್ಲಿಸುತ್ತಾರೆ. ಲೇತ್ ತಿರುಗುತ್ತಿದ್ದಂತೆ ಸೋಪು ಸವರಿದ ಉದ್ದ ಹಿಡಿಯ ಟೂಲನ್ನು ಕಂಕುಳಲ್ಲಿ ಒತ್ತಿಕೊಂಡು ಇಡೀ ಮೈಭಾರ ಹಾಕುತ್ತಾರೆ. ಬಿಲ್ಲೆ ನಿಧಾನಕ್ಕೆ ಹಿಂದಕ್ಕೆ ಮಡಿಚಿಕೊಂಡು ಅಚ್ಚನ್ನು ಅಪ್ಪುತ್ತದೆ. ಅರ್ಧ ಕೆಲಸಕ್ಕೆ ಹಿತ್ತಾಳೆ ಗಡುಸಾಗುತ್ತದೆ. ಬಿಚ್ಚಿ, ಕಾಯಿಸಿ, ಮೆತ್ತಗೆ ಮಾಡಿ ಮತ್ತೆ ಕಟ್ಟಬೇಕು. ಆತುರಪಟ್ಟರೆ ಅಂಚು ಸೀಳುತ್ತದೆ.

ಕಡ್ಡಿಗೆ ಥ್ರೆಡ್ ಹಾಕುವುದು ಸಣ್ಣ ಕೆಲಸವೆಂದು ತಿಳಿದಿದ್ದೆ. ಯಮಹಾದ ಬಹಳಷ್ಟು ಬೈಕುಗಳಲ್ಲಿ ಬಲಗಡೆಯ ಕನ್ನಡಿಗೆ ಉಲ್ಟಾ ಥ್ರೆಡ್. ಬಲಗನ್ನಡಿಗೆ ಮುಂದಿನಿಂದ ಏನಾದರೂ ಬಡಿದರೆ ಅದು ಹಿಂದಕ್ಕೆ ತಿರುಗುತ್ತದೆ. ಮಾಮೂಲಿ ಥ್ರೆಡ್ ಆ ದಿಕ್ಕಿನಲ್ಲಿ ಇನ್ನೂ ಬಿಗಿಯಾಗಿ ಮುರಿಯುತ್ತದೆ, ಉಲ್ಟಾ ಥ್ರೆಡ್ ಸಡಿಲಾಗಿ ಬಿಟ್ಟುಕೊಡುತ್ತದೆ. ಬೇರೆ ಕಂಪನಿಯ ಗಾಡಿಯವರಿಗೂ ಕೇಳಿದರೆ ಮೇಸ್ತ್ರಿ ಹೀಗೇ ಮಾಡಿಕೊಡುತ್ತಾರೆ. ಕ್ಲಾಂಪನ್ನೂ ಅದಕ್ಕೆ ತಕ್ಕಂತೆ ತಾವೇ ಕಡೆಯುತ್ತಾರೆ.

ಎಲ್ಲಕ್ಕಿಂತ ಕಷ್ಟದ ಶತ್ರು ನಡುಕ. ಎರಡು ಸ್ಟ್ರೋಕಿನ, ಒಂದು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 67 ಏಟು. ಕಡ್ಡಿಯ ಸಹಜ ಕಂಪನವೂ ಅದರ ಹತ್ತಿರವೇ ಇದ್ದರೆ ಗಾಜಿನಲ್ಲಿ ಏನೂ ಕಾಣದು, ಹಿಂದಿನ ದೀಪಗಳೆಲ್ಲ ಕಲಸಿಹೋಗುತ್ತವೆ. ಮೇಸ್ತ್ರಿ ಕಡ್ಡಿಯನ್ನು ವೈಸಿಗೆ ಕಚ್ಚಿಸಿ, ಬಟ್ಟಲು ಕೂರಿಸಿ, ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾರೆ. ಎಷ್ಟು ಹೊತ್ತು ನಡುಗಿತು, ಜೋರಾಗಿಯೋ ಮೆಲ್ಲಗೋ ಎಂದು ಬೆರಳಿಟ್ಟು ನೋಡುತ್ತಾರೆ. "ನೀವು ಜಾಸ್ತಿ ಹೋಗೋ ಸ್ಪೀಡ್ ಎಷ್ಟು?" ಎಂಬ ಪ್ರಶ್ನೆ ಬರುವುದು ಆಗ. ಉತ್ತರ ನೋಡಿಕೊಂಡು ಬಟ್ಟಲಿನ ಬೆನ್ನಿಗೆ ಸೀಸದ ತುಂಡು ಸೇರಿಸುತ್ತಾರೆ, ಇಲ್ಲವೆ ಕಡ್ಡಿಯನ್ನು ಗಿಡ್ಡ ಮಾಡುತ್ತಾರೆ. ತುದಿಯಲ್ಲಿ ಭಾರ ಹೆಚ್ಚಿದರೆ ಕಂಪನ ನಿಧಾನವಾಗುತ್ತದೆ, ಕಡ್ಡಿ ಗಿಡ್ಡವಾದರೆ ವೇಗವಾಗುತ್ತದೆ. ಹೇಗಾದರೂ ಎಂಜಿನ್ನಿನ ಲಯಕ್ಕೆ ಸಿಗದಂತೆ ಅದನ್ನು ಪಾರು ಮಾಡಬೇಕು. ಒಮ್ಮೆ ಓಡಿಸಿ ಬರಲು ಕಳಿಸಿ, ಬಂದ ಮೇಲೆ ಮತ್ತೆ ಸೀಸ ತೆಗೆದು ಹಾಕುವುದೂ ಉಂಟು.

ಈ ನಡುಕದ ಕಥೆ ಹಿಂಗನ್ನಡಿಯಷ್ಟೇ ಹಳೆಯದು. 1909ರಲ್ಲಿ ಡೊರೊಥಿ ಲೆವಿಟ್ ಎಂಬ ಇಂಗ್ಲಿಷ್ ಕಾರು ಚಾಲಕಿ, ಹಿಂದೆ ನೋಡಲು ಕೈಗನ್ನಡಿ ಇಟ್ಟುಕೊಳ್ಳಿರೆಂದು ಹೆಂಗಸರಿಗೆ ಬರೆದಿದ್ದಳು. 1911ರ ಮೊದಲ ಇಂಡಿಯಾನಾಪೊಲಿಸ್ 500 ಓಟದಲ್ಲಿ ಉಳಿದ ಚಾಲಕರೆಲ್ಲ ಹಿಂದೆ ನೋಡಿ ಹೇಳಲು ಪಕ್ಕದಲ್ಲಿ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರೆ, ರೇ ಹ್ಯಾರೂನ್ ಒಬ್ಬನೇ ಕಾರಿಗೆ ಕನ್ನಡಿ ಕಟ್ಟಿಕೊಂಡು ಬಂದು ಗೆದ್ದ. ಇಟ್ಟಿಗೆ ಹಾಸಿದ ಹಾದಿಯ ಕುಲುಕಿಗೆ ಆ ಕನ್ನಡಿಯಲ್ಲಿ ಏನೂ ಕಾಣಿಸಲಿಲ್ಲವೆಂದು ಆಮೇಲೆ ಅವನೇ ಒಪ್ಪಿಕೊಂಡ. ಇದನ್ನು ಹೇಳಿದಾಗ ಮೇಸ್ತ್ರಿಗೆ ಬಹಳ ಖುಷಿಯಾಯಿತು. "ಸೀಸ ಹಾಕ್ಬೇಕಿತ್ತು" ಎಂದರು.

ಮೈಸೂರಿಗೂ ಮೋಟರ್ ಸೈಕಲ್ಲಿಗೂ ಇರುವ ನಂಟನ್ನು ಹೇಳಿದವರು ಅವರ ಅಣ್ಣ. ಎಂಬತ್ತರ ಹತ್ತಿರದ ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕ್ರೋಮ್ ಪ್ಲೇಟಿಂಗ್ ವಿಭಾಗದಲ್ಲಿದ್ದವರು. ರುಸ್ತುಂ ಇರಾನಿ, ಫರೋಖ್ ಇರಾನಿಯವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ಪಡೆದು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲದಿಂದ ಇಲ್ಲಿ ಕಾರ್ಖಾನೆ ಕಟ್ಟಿದರು. 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1973ರಿಂದ ಅವುಗಳ ಹೆಸರು ಯೆಜ್ಡಿ. ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಜಾವಾ ಟ್ಯಾಂಕಿನ ಪಕ್ಕದ ಕ್ರೋಮಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತೆಂದು ಅಣ್ಣ ಹೆಮ್ಮೆಯಿಂದ ಹೇಳುತ್ತಾರೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ವರ್ಷದ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದಿವೆ. ಆದರೆ ಮೈಸೂರಿನಲ್ಲಿ ತಯಾರಾಗುತ್ತಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಹಳೇ ಗಾಡಿಗಳು ಹೊಗೆಯೆಬ್ಬಿಸಿ ಸಾಲುಗಟ್ಟುತ್ತವಲ್ಲ, ಅದಕ್ಕೆ ಮುಂಚಿನ ವಾರಗಳಲ್ಲಿ ತಮ್ಮನ ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚುತ್ತಾರೆ.

ಉಳಿದ ದಿನಗಳಲ್ಲಿ ಬುಷ್ ಕಡೆಯುವುದು, ಪಂಪಿನ ಶಾಫ್ಟ್ ರಿಪೇರಿ. ಕನ್ನಡಿಯ ಕೆಲಸದಿಂದಲೇ ಹೊಟ್ಟೆ ತುಂಬುವುದಿಲ್ಲ. ಒಂದು ಜೊತೆಗೆ ವಾರ ಹಿಡಿಯುತ್ತದೆ. ಅದರ ಬೆಲೆ ಕೇಳಿದ ಗಿರಾಕಿ ಮೊಬೈಲಿನಲ್ಲಿ ಆನ್‌ಲೈನ್ ಕನ್ನಡಿಯ ಬೆಲೆ ತೋರಿಸುತ್ತಾನೆ. ಹ್ಯಾಂಡಲಿನ ತುದಿಗೆ ಸಿಕ್ಕಿಸುವ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಕಿರಿದಾದ ಆ ಕನ್ನಡಿಗಳಲ್ಲಿ ಎಷ್ಟೋ 94 ಮಿಲಿಮೀಟರಿನ ಹತ್ತಿರವೂ ಇಲ್ಲ. ಮೇಸ್ತ್ರಿಯ ಕನ್ನಡಿಗೆ ಪರೀಕ್ಷೆಯ ಪ್ರಮಾಣಪತ್ರ ಇಲ್ಲ ಎಂಬುದೂ ನಿಜ. ಬಿಡಿಭಾಗಗಳನ್ನು ಪರೀಕ್ಷಿಸುವ ಎಆರ್‌ಎಐಯಂಥ ಸಂಸ್ಥೆ ಇರುವುದು ಪುಣೆಯಲ್ಲಿ. ವರ್ಷಕ್ಕೆ ಕೆಲವೇ ಜೊತೆ ಮಾಡುವವರಿಗೆ ಅಲ್ಲಿಗೆ ಹೋಗುವ ಮಾತೇ ಇಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪನ ಅಳೆಯುವ ಯಂತ್ರಗಳಿವೆ. ಒಂದು ಮಧ್ಯಾಹ್ನ ಇಬ್ಬರು ವಿದ್ಯಾರ್ಥಿಗಳು ಅದನ್ನು ಈ ಓಣಿಗೆ ತಂದರೆ, ಮೇಸ್ತ್ರಿ ಬೆರಳಿನಲ್ಲಿ ಕಂಡುಕೊಂಡಿರುವುದು ಅಂಕಿಗಳಲ್ಲಿ ಉಳಿಯುತ್ತದೆ. ಕಾಲೇಜಿನವರು ಇದನ್ನು ಓದಿದರೆ ದಯಮಾಡಿ ಯೋಚಿಸಲಿ.

ಸದ್ಯದ ಚಿಂತೆ ಕ್ರೋಮಿನದು. ಬಟ್ಟಲುಗಳಿಗೆ ಪ್ಲೇಟಿಂಗ್ ಮಾಡಿಕೊಡುತ್ತಿದ್ದವರು ವಯಸ್ಸಾಗಿ ತೊಟ್ಟಿಗಳನ್ನು ಮುಚ್ಚುತ್ತಿದ್ದಾರೆ. ಕ್ರೋಮಿಯಂ ನೀರು ವಿಷ, ಅದನ್ನು ಶುದ್ಧ ಮಾಡುವ ಘಟಕದ ಖರ್ಚು ಸಣ್ಣವರ ಕೈಗೆಟುಕದು. ನಿಯಮ ಇರಬೇಕಾದದ್ದೇ ಎಂದು ಮೇಸ್ತ್ರಿಯೂ ಒಪ್ಪುತ್ತಾರೆ. ದಸರಾವರೆಗೆ ಬಂದ ಬಟ್ಟಲುಗಳಿಗೆ ಮಾತ್ರ ಕ್ರೋಮ್ ಸಿಗುತ್ತದಂತೆ. ಅದಾದ ಮೇಲೆ ಹಿತ್ತಾಳೆಯನ್ನೇ ಪಾಲಿಶ್ ಮಾಡಿ ಹಾಗೇ ಕೊಡುವುದೆಂದು ಮಾಡಿದ್ದಾರೆ. ಮೊದಲ ಜೊತೆ ಆಗಲೇ ಹುಣಸೂರಿನ ಒಬ್ಬರ ಯೆಜ್ಡಿಗೆ ಹೋಗಿದೆ, ವಾರಕ್ಕೊಮ್ಮೆ ಹುಣಸೆಹುಳಿ ಹಚ್ಚಿ ತೊಳೆಯಬೇಕೆಂಬ ಮಾತಿನೊಂದಿಗೆ.